ಆರು ವಾರದ ಉಪ್ಪುನೀರಿನ ಟ್ಯಾಂಕು: ಮೊದಲು ಕಂದು, ಈಗ ಕೆಂಪು, ಮುಂದೇನು?

ಕೆಂಗೇರಿ ಕ್ಲೌನ್ · ಜೂನ್ 9, ರಾತ್ರಿ 11.20

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಗೋಲ್ಡ್ ಫಿಶ್, ಆಮೇಲೆ ಗಿಡದ ಟ್ಯಾಂಕು ಸಾಕಿದವನು ನಾನು. ಸಮುದ್ರದ್ದೂ ಒಂದು ಕೈ ನೋಡೇಬಿಡೋಣ ಅಂತ ಏಪ್ರಿಲ್ ಕೊನೆಗೆ ಇಳಿದೆ. ಈಗ ರಾತ್ರಿ ನಿದ್ದೆ ಇಲ್ಲ.

ಟ್ಯಾಂಕು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ನೀರು 150 ಲೀಟರ್ ಅಂದ್ಕೊಳ್ಳಿ. ಒಣಕಲ್ಲು 18 ಕೆ.ಜಿ., ಅರಗೊನೈಟ್ ಮರಳು, ಹಿಂದೆ ನೇತು ಹಾಕೋ, ನೊರೆಯಲ್ಲಿ ಕೊಳೆ ತೆಗೆಯೋ ಸ್ಕಿಮ್ಮರ್, ನೀರು ಓಡಾಡಿಸೋ ಒಂದು ವೇವ್‌ಮೇಕರ್, ಎಲ್‌ಇಡಿ ಲೈಟು. ಎರಡು ಹಸಿ ಸಿಗಡಿ ಕಾಲುಚೀಲದಲ್ಲಿ ಕಟ್ಟಿ ಮುಳುಗಿಸಿಟ್ಟು ಸೈಕಲ್ ಮಾಡಿದೆ, ಅಂದ್ರೆ ಕೊಳೆ ಅರಗಿಸೋ ಬ್ಯಾಕ್ಟೀರಿಯಾ ಬೆಳೆಸಿದೆ. ಆ ವಾಸನೆಗೆ ಮನೆಯವರು ಕೊಟ್ಟ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. 27ನೇ ದಿನಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂತು. ಎರಡು ಕ್ಲೌನ್ ಮೀನು ಬಿಟ್ಟೆ, ಚೆನ್ನಾಗಿವೆ.

ತೊಂದರೆ ಏನಪ್ಪಾ ಅಂದ್ರೆ, ನಾಲ್ಕನೇ ವಾರ ಮರಳಿನ ಮೇಲೆ ಕಾಫಿಪುಡಿ ಚೆಲ್ಲಿದ ಹಾಗೆ ಕಂದು ಬಣ್ಣ. ಗಾಜು ಒರೆಸಿದರೆ ಮಾರನೇ ದಿನ ಮತ್ತೆ ಅಷ್ಟೇ. ಅದು ಕಮ್ಮಿ ಆಯ್ತು ಅನ್ನೋ ಹೊತ್ತಿಗೆ ಈಗ ಒಂದು ಮೂಲೆಯಲ್ಲಿ ಗಾಢ ಕೆಂಪು ಪದರ, ಒದ್ದೆ ವೆಲ್ವೆಟ್ ಹಾಸಿದ ಹಾಗೆ. ಅಂಗಡಿಯವರು "ಪಾಚಿ ಸಾಯೋ ಔಷಧಿ ಇದೆ, ಹಾಕಿ ಸರ್" ಅಂದ್ರು. ಹಾಕಲಾ? ಲೈಟು ದಿನಕ್ಕೆ 11 ಗಂಟೆ ಉರೀತಿದೆ, ಊಟ ಎರಡು ಹೊತ್ತು.

ಹೆಂಡತಿ ಇದನ್ನ ಮೂವತ್ತೈದು ಸಾವಿರದ ಚರಂಡಿ ಅಂತ ಕರೀತಿದಾಳೆ. ದಯವಿಟ್ಟು ಯಾರಾದ್ರೂ ದಾರಿ ತೋರಿಸಿ.

ಬೋಳೂರು ಬಂಗುಡೆ · ಜೂನ್ 9, ರಾತ್ರಿ 11.48

ಎಂತ ಮಾರಾಯ್ರೆ, ಆರು ವಾರಕ್ಕೇ ನಿದ್ದೆ ಬಿಟ್ರೆ ಹೇಗೆ? ಒಣಕಲ್ಲಿಂದ ಶುರು ಮಾಡಿದ ಟ್ಯಾಂಕಲ್ಲಿ ಇದು ಬರ್ಲೇಬೇಕು. ಹೊಸತಾಗಿ ತೊಳೆದ ಅಂಗಳದಲ್ಲಿ ಮೊದಲ ಮಳೆಗೆ ಹಾವಸೆ ಕಟ್ಟುವುದಿಲ್ವಾ, ಹಾಗೆ. ಜಾಗ ಖಾಲಿ ಉಂಟು, ಬೆಳಕು ಉಂಟು, ಯಾರು ಮೊದಲು ಬರ್ತಾರೋ ಅವರದ್ದೇ ಮನೆ.

ಕಂದು ಪುಡಿ ಡಯಾಟಮ್, ಒಂದೇ ಜೀವಕೋಶದ ಪಾಚಿ. ಅದು ಎರಡು ಮೂರು ವಾರದಲ್ಲಿ ತಾನಾಗಿ ಹೋಗ್ತದೆ, ನೀವೇ ಬರೆದ ಹಾಗೆ ಹೋಗ್ತಾ ಉಂಟು. ಕೆಂಪು ಪದರದ್ದು ಬೇರೆ ಕತೆ. ಒಂದು ಕೆಲಸ ಮಾಡಿ: ಅನ್ನ ಬಡಿಸುವ ಸೌಟಿನ ಹಿಡಿಯಿಂದ ಅದನ್ನು ಮೆಲ್ಲ ಎಬ್ಬಿಸಿ. ದೋಸೆ ಏಳುವ ಹಾಗೆ ಹಾಳೆಯಾಗಿ ಎದ್ದು ಬರ್ತದಾ, ಪುಡಿಯಾಗ್ತದಾ, ಅಲ್ಲ ಕೂದಲಿನ ಹಾಗೆ ಕಲ್ಲಿಗೆ ಕಚ್ಚಿಕೊಂಡಿರ್ತದಾ? ಅದು ಹೇಳಿ. ಔಷಧಿ ಈಗ ಬೇಡ.

ಕೆಂಗೇರಿ ಕ್ಲೌನ್ · ಜೂನ್ 10, ಬೆಳಗ್ಗೆ 7.05

ದೋಸೆ! ಥೇಟ್ ದೋಸೆ. ಒಂದೇ ಹಾಳೆಯಾಗಿ ಎದ್ದು ಬಂತು, ಅಡಿಯಲ್ಲಿ ಗಾಳಿಗುಳ್ಳೆ. ಹೊರಗೆ ತೆಗೆದು ಮೂಸಿದೆ. ಕೊಳೆತ ವಾಸನೆ. ಮೂಸಬಾರದಿತ್ತು.

ಸೂಕ್ಷ್ಮದರ್ಶಕ · ಜೂನ್ 10, ಬೆಳಗ್ಗೆ 9.30

ಹಾಗಿದ್ದರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಗದ್ದೆಗೆ ಹಾಕುವ "ನೀಲಿ-ಹಸಿರು ಪಾಚಿ" ಗೊಬ್ಬರ ಗೊತ್ತಲ್ಲ, ಅದೇ ಬಳಗ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ವರ್ಷಗಟ್ಟಲೆ ಕೆಲಸ ಮಾಡಿದ ಸ್ಪಿರುಲಿನಾ ಕೂಡ ಇದೇ ಬಳಗ. ಹೆಸರಲ್ಲಿ ಪಾಚಿ ಅಂತ ಇದ್ದರೂ ಇವು ಬ್ಯಾಕ್ಟೀರಿಯಾ. ಭೂಮಿಯ ಗಾಳಿಗೆ 240 ಕೋಟಿ ವರ್ಷದ ಹಿಂದೆ ಆಮ್ಲಜನಕ ತುಂಬಿದ್ದೇ ಇವು, ಆದ್ದರಿಂದ ಸ್ವಲ್ಪ ಮರ್ಯಾದೆ ಕೊಡಿ. 🙂

ಇದು ನಿಂತ ನೀರಿನ ಜೀವಿ. ನಿಮ್ಮ ಕೆಂಪು ಮೂಲೆಯಲ್ಲಿ ಹರಿವು ತಲುಪುತ್ತಿದೆಯೇ? ಒಂದು ಚಿಟಿಕೆ ಮೀನಿನ ಊಟ ಅಲ್ಲಿ ಬಿಟ್ಟು ನೋಡಿ. ಅದು ಹಾಗೇ ಕೂತರೆ ಅದೇ ಉತ್ತರ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಮನೆಯಲ್ಲಿ 80 ಲೀಟರಿನ ಟ್ಯಾಂಕಿದೆ. ಹತ್ತು ವರ್ಷದಲ್ಲಿ ಕಲಿತದ್ದು ಒಂದೇ. ಬೆಳೆದದ್ದು ಯಾವುದು ಅಂತ ಗೊತ್ತಾಗುವ ಮೊದಲು ಬಾಟಲಿಯ ಮುಚ್ಚಳ ತೆಗೆಯಬಾರದು.

ಫಿಲ್ಟರ್ ರಿಪೇರಿ ಹುಬ್ಬಳ್ಳಿ · ಜೂನ್ 10, ಮಧ್ಯಾಹ್ನ 1.15

ಸರ, ಎಲ್ಲಾ ಬರದೀರಿ, ನೀರು ಎಲ್ಲಿದು ಅಂತ ಬರದಿಲ್ಲ. ಉಪ್ಪು ಯಾವ ನೀರಿಗೆ ಕಲಸತೀರಿ? ದಿನಾ ಆರಿದ್ದಕ್ಕ ಮ್ಯಾಲೆ ಯಾವ ನೀರು ಹಾಕತೀರಿ?

ಕೆಂಗೇರಿ ಕ್ಲೌನ್ · ಜೂನ್ 10, ಮಧ್ಯಾಹ್ನ 1.40

ಅಡುಗೆಮನೆ ಆರ್‌ಓ ಸಾರ್. ಕುಡಿಯೋ ನೀರೇ. ಶುದ್ಧ ಅಲ್ವಾ ಅದು? ದಿನಕ್ಕೆ 2 ಲೀಟರ್ ಆವಿಯಾಗುತ್ತೆ, ಅಷ್ಟನ್ನೂ ಅದರಿಂದಲೇ ತುಂಬ್ತೀನಿ.

ಫಿಲ್ಟರ್ ರಿಪೇರಿ ಹುಬ್ಬಳ್ಳಿ · ಜೂನ್ 10, ಮಧ್ಯಾಹ್ನ 2.02

ಕುಡಿಯಾಕ ಶುದ್ಧ. ಹವಳಕ್ಕ ಅಲ್ಲ.

ನನ್ನ ದಂಧೆನ ಇದು, ಹೇಳತೀನಿ ಕೇಳ್ರಿ. ಮನಿ ಆರ್‌ಓ ಮಷಿನ್ ಒಳಗ ಮೆಂಬ್ರೇನ್ ದಾಟಿ ಬಂದ ನೀರು ಸಪ್ಪಗ ಇರತೈತಿ. ಮಂದಿ "ರುಚಿ ಇಲ್ಲ" ಅಂತಾರ. ಅದಕ್ಕ ಕಂಪನಿಯವರು ಒಂದು ಸಣ್ಣ ತಿರುಪು ಇಟ್ಟಿರತಾರ, ಟಿಡಿಎಸ್ ಕಂಟ್ರೋಲರ್ ಅಂತ. ಟಿಡಿಎಸ್ ಅಂದ್ರ ನೀರಿನಾಗ ಕರಗಿದ್ದೆಲ್ಲಾ. ಅದು ಮೆಂಬ್ರೇನ್ ದಾಟದ ನೀರನ್ನ ಒಂದಿಷ್ಟು ವಾಪಸ್ ಕಲಸತೈತಿ. ಕೆಲವು ಮಷಿನ್ನಿನಾಗ ಕೊನಿಗೆ ಮಿನರಲ್ ಕ್ಯಾಂಡಲ್ ಬ್ಯಾರೆ. ಅಂದ್ರ ನೀವು ರೊಕ್ಕಾ ಕೊಟ್ಟು ತಗದ ಕಸಾನ ಮತ್ತ ರೊಕ್ಕಾ ಕೊಟ್ಟು ಹಾಕ್ಕೋತೀರಿ. ಕುಡಿಯಾಕ ಅದು ಬೇಕು, ತಪ್ಪಲ್ಲ. ನಿಮ್ಮ ಟ್ಯಾಂಕಿಗೆ ಬ್ಯಾಡ.

ಟಿಡಿಎಸ್ ಮೀಟರ್ ಐತೇನು? ಒಳಗ ಹೋಗೋ ನೀರು, ಹೊರಗ ಬರೋ ನೀರು, ಎರಡೂ ಅಳದು ಹೇಳ್ರಿ.

ಕೆಂಗೇರಿ ಕ್ಲೌನ್ · ಜೂನ್ 10, ರಾತ್ರಿ 8.30

ಪಕ್ಕದ ಮನೆಯವರ ಮೀಟರ್ ತಂದೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್ ನೀರು 540. ಆರ್‌ಓ ನಲ್ಲಿಯಲ್ಲಿ 88.

ಫಿಲ್ಟರ್ ರಿಪೇರಿ ಹುಬ್ಬಳ್ಳಿ · ಜೂನ್ 10, ರಾತ್ರಿ 9.10

ಸಿಕ್ತ ನೋಡ್ರಿ. ಮೆಂಬ್ರೇನ್ ನೆಟ್ಟಗಿದ್ರ ನೂರಕ್ಕ 95 ತಡೀತೈತಿ. 540ಕ್ಕ 27, ಭಾಳ ಅಂದ್ರ 30 ಬರಬೇಕು. 88 ಅಂದ್ರ ತಿರುಪು ತಗದೈತಿ.

ಲೆಕ್ಕ ಹಾಕ್ರಿ. ಮೊದಲ ದಿನ 150 ಲೀಟರಿನಾಗ ಲೀಟರಿಗೆ 88 ಮಿಲಿಗ್ರಾಂ, ಅಂದ್ರ 13 ಗ್ರಾಂ. ಆಮ್ಯಾಲ ದಿನಾ 2 ಲೀಟರ್ ಹಾಕತೀರಿ. ಆವಿ ಆಗೋದು ಬರೇ ನೀರು, ಒಳಗಿಂದು ಅಲ್ಲೇ ಕುಂದ್ರತೈತಿ. ತಿಂಗಳಿಗೆ ಮತ್ತ ಐದು ಗ್ರಾಂ ಜಮಾ.

ರೀಫ್ ರಾಯ · ಜೂನ್ 10, ರಾತ್ರಿ 9.55

ಕ್ಷಮಿಸಿ, ಈ ಲೆಕ್ಕ ಕೇಳೋಕೆ ಚೆಂದ ಅಷ್ಟೇ. ಲೀಟರಿಗೆ 35 ಗ್ರಾಂ ಉಪ್ಪು, 150 ಲೀಟರಿಗೆ ಐದು ಕಾಲು ಕಿಲೋ. ಐದು ಕಾಲು ಕಿಲೋ ಮುಂದೆ 13 ಗ್ರಾಂ ಯಾವ ಊರಿನ ದಾಸಯ್ಯ?

ಸೂಕ್ಷ್ಮದರ್ಶಕ · ಜೂನ್ 10, ರಾತ್ರಿ 10.20

ತೂಕದ ಮಾತಲ್ಲ ರಾಯರೇ. ಪಾಯಸಕ್ಕೆ ಅರ್ಧ ಕಿಲೋ ಬೆಲ್ಲ ಹಾಕಿದ್ದೀವಿ, ಒಂದು ಚಿಟಿಕೆ ಮೆಣಸಿನಪುಡಿ ಯಾವ ಲೆಕ್ಕ ಅಂದ ಹಾಗಾಯಿತು. ಉಪ್ಪಿನಲ್ಲಿರುವ ಸೋಡಿಯಂ, ಕ್ಲೋರೈಡ್ ತಿಂದು ಡಯಾಟಮ್ ಬೆಳೆಯುವುದಿಲ್ಲ. ಅದಕ್ಕೆ ಮೈಮೇಲಿನ ಚಿಪ್ಪು ಕಟ್ಟಿಕೊಳ್ಳಲು ಸಿಲಿಕಾ ಬೇಕು, ಗಾಜು ಯಾವುದರಿಂದ ಆಗುತ್ತದೋ ಅದೇ ಸಿಲಿಕಾ. ಬೆಂಗಳೂರಿನ ಕೆಳಗಿರುವುದೆಲ್ಲ ಗ್ರಾನೈಟು, ನೈಸ್ ಎಂಬ ಬಂಡೆ. ಆ ಬಂಡೆಯ ಸಂದಿನಲ್ಲಿ ನಿಂತ ಬೋರ್ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ. ಆ 13 ಗ್ರಾಂ ಜೊತೆಗೆ ಅದೂ ಬಂದಿದೆ. ನೈಟ್ರೇಟ್, ಫಾಸ್ಫೇಟ್ ಇದ್ದರೆ ಅವೂ ಬಂದವು.

ಇನ್ನೊಂದು ಮಾತು, ಕೆಂಗೇರಿಯವರಿಗೆ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಕರಗಿದ ಸಿಲಿಕಾದ ಬಹುಪಾಲಿಗೆ ವಿದ್ಯುದಂಶವೇ ಇಲ್ಲ, ಆದ್ದರಿಂದ ಮೀಟರಿಗೆ ಅದು ಕಾಣುವುದೂ ಇಲ್ಲ.

ಫಿಲ್ಟರ್ ರಿಪೇರಿ ಹುಬ್ಬಳ್ಳಿ · ಜೂನ್ 10, ರಾತ್ರಿ 10.41

ಮೇಡಂ ಹೇಳಿದ್ದು ಖರೆ. ಅದಕ್ಕ ಆರ್‌ಓ ಆದಮ್ಯಾಲ ಉಳದ ಲವಣಾನೂ ಹಿಡಿಯೋ ಡಿಐ ರೆಸಿನ್ ಕ್ಯಾಂಡಲ್ ಹಾಕ್ರಿ, ಬಣ್ಣ ಬದಲಾಗೋ ನಮೂನಿದು. ಮೀಟರ್ 0 ತೋರಿಸಬೇಕು. ಒಂದು ಗುಟ್ಟು: ರೆಸಿನ್ ಮುಗಿಯಾಕ ಬಂದಾಗ ಮೊದಲು ನುಸುಳಿ ಬರೋದು ಸಿಲಿಕಾನ. ಮೀಟರ್ ಇನ್ನೂ 0 ಅಂತಿರತೈತಿ. ಅದಕ್ಕ ಮುಕ್ಕಾಲು ಭಾಗ ಬಣ್ಣ ಬದಲಾದ ಕೂಡಲೇ ತಗದು ಹೊಸಾದು ಹಾಕ್ರಿ, 1 ಬರೋ ತನಕ ಕಾಯಬ್ಯಾಡ್ರಿ.

ಮತ್ತ ಅಡಗಿಮನಿ ಮಷಿನ್ ತಿರುಪು ಮುಟ್ಟಬ್ಯಾಡ್ರಿ, ಮನಿಯವರು ಸಪ್ಪನ ನೀರು ಕುಡಿಬೇಕಾಗತೈತಿ. ಟ್ಯಾಂಕಿಗೆ ಬ್ಯಾರೆ ಸಣ್ಣ ಆರ್‌ಓ ಕೂಡಿಸ್ರಿ.

ಈಗಷ್ಟೇ ಬಂದೆ · ಜೂನ್ 11, ಬೆಳಗ್ಗೆ 8.12

ಇನ್ವರ್ಟರಿಗೆ ಹಾಕೋ ಬ್ಯಾಟರಿ ನೀರು ಡಿಮಿನರಲೈಸ್ಡ್ ಅಲ್ವಾ? 5 ಲೀಟರ್ ಕ್ಯಾನ್ ಎಲ್ಲಾ ಕಡೆ ಸಿಗುತ್ತೆ. ಅದನ್ನೇ ಹಾಕಿದ್ರೆ?

ಫಿಲ್ಟರ್ ರಿಪೇರಿ ಹುಬ್ಬಳ್ಳಿ · ಜೂನ್ 11, ಬೆಳಗ್ಗೆ 8.50

ಕ್ಯಾನಿನ ಮ್ಯಾಲೆ ಬರದಿರೋದು ಒಂದು, ಒಳಗ ಇರೋದು ಒಂದು. 0 ಇರೋ ಕ್ಯಾನೂ ನೋಡೀನಿ, 60 ಇರೋದೂ ನೋಡೀನಿ. ಹಳೇ ಆ್ಯಸಿಡ್ ಕ್ಯಾನ್ ತೊಳದು ತುಂಬೋರೂ ಅದಾರ. ಬ್ಯಾಡ್ರಿ.

ಬೋಳೂರು ಬಂಗುಡೆ · ಜೂನ್ 11, ಬೆಳಗ್ಗೆ 9.25

ನಮ್ಮಲ್ಲಿ ಈ ರಗಳೆಯೇ ಇಲ್ಲ, ಕಡಲ ನೀರೇ ತರುವುದು. ಆದ್ರೆ ಅಸೂಯೆ ಪಡ್ಬೇಡಿ. ಜೂನ್ ಬಂತೆಂದ್ರೆ ನಮ್ಮ ಕತೆ ಮುಗೀತು. ನೇತ್ರಾವತಿ, ಫಲ್ಗುಣಿ ಎರಡೂ ತುಂಬಿ ಅಳಿವೆಯಲ್ಲಿ ಕೆಂಪು ನೀರು ಕಡಲಿಗೆ ನುಗ್ತದೆ. ದಡದ ನೀರು ಅಳೆದ್ರೆ ಉಪ್ಪೇ ಇಲ್ಲ, ಮಣ್ಣು, ಗೊಬ್ಬರ ಎಲ್ಲ ಉಂಟು. ದೂರ ಹೋಗಿ ತರುವ ಅಂದ್ರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಮೇ ತಿಂಗಳಲ್ಲೇ ಹೊರಗಿನ ನೀರು ತರಿಸಿ ಮುಚ್ಚಿದ ಡ್ರಮ್ಮಲ್ಲಿ ಕತ್ತಲೆಯಲ್ಲಿ ಇಡುವುದು, ಮನೆಯವರು ಉಪ್ಪಿನಕಾಯಿ ಹಾಕಿಟ್ಟ ಹಾಗೆ. ಒಂದು ವರ್ಷ ಸೋಮಾರಿತನ ಮಾಡಿ ಜುಲೈಯಲ್ಲಿ ದಡದ ನೀರು ಹಾಕಿದೆ. ಎಂಟೇ ದಿನದಲ್ಲಿ ಕಲ್ಲೆಲ್ಲ ಹಸಿರು ಕೂದಲು, ಟೋಪನ್ ಹಾಕಿದ ಹಾಗೆ.

ರೀಫ್ ರಾಯ · ಜೂನ್ 11, ಮಧ್ಯಾಹ್ನ 12.30

ನೀರು, ಬಂಡೆ, ನದಿ ಎಲ್ಲಾ ಆಯ್ತು. ಅವರು ಕೇಳಿದ್ದು ಕೆಂಪು ಪದರ ಹೇಗೆ ತೆಗೆಯೋದು ಅಂತ. ಸಯನೋ ಬ್ಯಾಕ್ಟೀರಿಯಾ ಅಂತ ನೀವೇ ಹೇಳಿದ ಮೇಲೆ ಎರಿಥ್ರೋಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಹಾಕಿ, 48 ಗಂಟೆಯಲ್ಲಿ ಫಳಫಳ. ನಾನು ಎರಡು ಸಲ ಮಾಡಿದೀನಿ.

ಸೂಕ್ಷ್ಮದರ್ಶಕ · ಜೂನ್ 11, ಮಧ್ಯಾಹ್ನ 12.52

ಎರಡು ಸಲ ಯಾಕೆ ಮಾಡಬೇಕಾಯಿತು ರಾಯರೇ?

ರೀಫ್ ರಾಯ · ಜೂನ್ 11, ಮಧ್ಯಾಹ್ನ 1.04

ಮತ್ತೆ ಬಂತು, ಅದಕ್ಕೆ.

ಸೂಕ್ಷ್ಮದರ್ಶಕ · ಜೂನ್ 11, ಮಧ್ಯಾಹ್ನ 1.30

ಅದೇ ನಾನು ಹೇಳುವುದು. ಮೂಲೆಯಲ್ಲಿ ಹರಿವಿಲ್ಲ, ಕೊಳೆ ಕೂತಿದೆ, ಅದು ಹಾಗೇ ಇರುವಾಗ ಮೇಲಿನದ್ದನ್ನು ಸಾಯಿಸಿದರೆ ಸತ್ತದ್ದೇ ಮುಂದಿನದ್ದಕ್ಕೆ ಗೊಬ್ಬರ. ಅಷ್ಟೊಂದು ಒಟ್ಟಿಗೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಮೀನು ರಾತ್ರೋರಾತ್ರಿ ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನೂ ಕಂಡಿದ್ದೇನೆ. ಆ ಮದ್ದಿನ ನೀರನ್ನು ಕೊನೆಗೆ ಚರಂಡಿಗೆ ಚೆಲ್ಲುತ್ತೀವಿ ಅನ್ನುವುದು ಬೇರೆ ತಲೆನೋವು. ಎಂದೂ ಬಳಸಬಾರದು ಅನ್ನುವುದಿಲ್ಲ. ಆರು ವಾರದ ಟ್ಯಾಂಕಿಗೆ ಮೊದಲ ಮದ್ದು ಅದಲ್ಲ.

ಕೆಂಗೇರಿಯವರೇ, ನಿಮಗೆ: ಸಣ್ಣ ಪೈಪಿನಿಂದ ಹಾಳೆಯನ್ನು ಹೀರಿ ಹೊರಗೆ ಹಾಕಿ, ಎರಡು ದಿನಕ್ಕೊಮ್ಮೆ. ಆ ಮೂಲೆಗೆ ಇನ್ನೊಂದು ವೇವ್‌ಮೇಕರ್. ಲೈಟು 7 ಗಂಟೆಗೆ ಇಳಿಸಿ, ಇನ್ನೂ ಹವಳವೇ ಇಲ್ಲವಲ್ಲ, 11 ಗಂಟೆ ಯಾರಿಗೆ? ಫ್ರೋಜನ್ ಊಟ ಕರಗಿದ ನೀರನ್ನು ಚಹಾ ಜಾಲರಿಯಲ್ಲಿ ಸೋಸಿ ಚೆಲ್ಲಿ. ಆಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ.

ಕೆಂಗೇರಿ ಕ್ಲೌನ್ · ಜೂನ್ 12, ರಾತ್ರಿ 10.15

ಎಲ್ಲರಿಗೂ ಧನ್ಯವಾದ. ಡಿಐ ಆರ್ಡರ್ ಮಾಡಿದೆ. ಎರಡು ಸಣ್ಣ ಪ್ರಶ್ನೆ. ಪಾಚಿ ತಿನ್ನೋಕೆ ಯಾವ ಬಸವನಹುಳು ತರಲಿ? ಮತ್ತೆ, ಪರಿಚಯದವರೊಬ್ಬರು ಕರಾವಳಿಯಿಂದ ಜೀವಂತ ಹವಳದ ಕಲ್ಲು ತಂದುಕೊಡ್ತೀನಿ ಅಂತಿದಾರೆ. ಅದು ಹಾಕಿದ್ರೆ ಟ್ಯಾಂಕು ಬೇಗ ಪಕ್ವ ಆಗುತ್ತಂತೆ.

ಬೋಳೂರು ಬಂಗುಡೆ · ಜೂನ್ 12, ರಾತ್ರಿ 10.38

ಬೇಡ! ಆ ಪರಿಚಯದವರನ್ನೂ ಅಲ್ಲಿಗೇ ಬಿಡಿ. ಹವಳದ ದಿಬ್ಬ (ರೀಫ್) ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿಯೇ ಅದು. ಕಡಲಕುದುರೆ, ಸಮುದ್ರಸೌತೆಯನ್ನೂ ಅದೇ ವರ್ಷ ಸೇರಿಸಿದ್ರು. ನಾನು ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದವ. ಮುರ್ಡೇಶ್ವರದಿಂದ ಬೋಟಲ್ಲಿ ಹೋಗಿ ಮುಳುಗಿದ್ರೆ ಆ ಕಲ್ಲು ಎಲ್ಲಿರ್ಬೇಕೋ ಅಲ್ಲಿ ಹೇಗೆ ಉಂಟು ಅಂತ ಕಾಣ್ತದೆ. ಕೆಂಗೇರಿಯ ಹಾಲಿಗೆ ಅದು ಬರುವುದು ಬೇಡ.

ಬಸವನಹುಳುವಿಗೆ ಸೆರಿತ್ ಸಾಕು, ಐದಾರು. ಗಾಜಿಗೆ ಬೇಕಾದ್ರೆ ಸಣ್ಣ ಟರ್ಬೊ ಎರಡು. ನಸೇರಿಯಸ್ ಪಾಚಿ ತಿನ್ನುವುದಿಲ್ಲ, ಅದು ಉಳಿದ ಮೀನಿನ ಊಟ ತಿನ್ನುವ ಜಾತಿ. ಅಂಗಡಿಯಲ್ಲಿ ಎರಡನ್ನೂ ಒಂದೇ ಅಂತ ಕೊಡ್ತಾರೆ. ಒಂದೇ ಸಲ ಇಪ್ಪತ್ತು ತಂದ್ರೆ ಪಾಚಿ ಮುಗಿದ ಮೇಲೆ ಉಪವಾಸ ಬಿದ್ದು ಸಾಯ್ತವೆ, ಆ ಕೊಳೆ ಮತ್ತೆ ನಿಮಗೇ.

ಕೆಂಗೇರಿ ಕ್ಲೌನ್ · ಜುಲೈ 6, ರಾತ್ರಿ 9.00

ಗೆದ್ದೆ!! ಡಿಐ ನೀರು 0. ಎರಡನೇ ವೇವ್‌ಮೇಕರ್ ಹಾಕಿದ ಹತ್ತೇ ದಿನಕ್ಕೆ ಕೆಂಪು ಮಾಯ. ಅಲ್ಲಿಗೆ ನಿಲ್ಲಿಸಿಲ್ಲ ನಾನು. ಫಾಸ್ಫೇಟ್ ಹೀರೋ ಜಿಎಫ್‌ಓ ಕಾಳು ಡಬಲ್ ಡೋಸ್ ಹಾಕಿದೆ, ಮೀನಿಗೆ ಎರಡು ದಿನಕ್ಕೊಮ್ಮೆ ಊಟ, ವಾರಕ್ಕೆ 30 ಲೀಟರ್ ನೀರು ಬದಲಾವಣೆ. ನೈಟ್ರೇಟ್ 0. ಫಾಸ್ಫೇಟ್ 0.00. ಮರಳು ಅಕ್ಕಿಹಿಟ್ಟಿನ ಹಾಗೆ ಬಿಳುಪು. ಹೆಂಡತಿ ಮೊದಲನೇ ಸಲ ಫೋಟೊ ತೆಗೆದು ಅವಳ ಅಕ್ಕನಿಗೆ ಕಳಿಸಿದಳು.

ಸೂಕ್ಷ್ಮದರ್ಶಕ · ಜುಲೈ 6, ರಾತ್ರಿ 9.40

ಅಭಿನಂದನೆ. ಆದರೆ ಆ ಎರಡು ಸೊನ್ನೆ ನೋಡಿ ನನಗೆ ಖುಷಿಯಾಗುತ್ತಿಲ್ಲ. ಜಿಎಫ್‌ಓ ಇವತ್ತೇ ತೆಗೆಯಿರಿ, ಮೀನಿಗೆ ದಿನಾ ಊಟ ಹಾಕಿ. ಕಳೆಗೆ ಊಟ ಇಲ್ಲದಂತೆ ಮಾಡಲು ಹೊರಟರೆ ಬೆಳೆಗೂ ಇಲ್ಲದಂತಾಗುತ್ತದೆ. ಆ ಬರಗಾಲದಲ್ಲೂ ಬದುಕುವ ಒಂದು ಜಾತಿ ಇದೆ, ಅದು ಬಂದರೆ ಕೆಂಪು ಪದರವೇ ಚೆನ್ನಾಗಿತ್ತು ಅನ್ನಿಸುತ್ತದೆ.

ರೀಫ್ ರಾಯ · ಜುಲೈ 6, ರಾತ್ರಿ 9.58

ಟ್ಯಾಂಕು ಹೊಳೀತಿದೆ, ಯಾಕೆ ಹೆದರಿಸ್ತೀರಿ ಮೇಡಂ. ಹಾಗೇ ಇರಲಿ ಬಿಡಿ.

ಕೆಂಗೇರಿ ಕ್ಲೌನ್ · ಜುಲೈ 19, ರಾತ್ರಿ 11.50

ಮೇಡಂ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಬೇಡವೋ ಗೊತ್ತಾಗ್ತಿಲ್ಲ.

ಕಲ್ಲಿನ ಮೇಲೆ ಕಂದು ಲೋಳೆ. ಶೀತ ಆದ ಮಗುವಿನ ಮೂಗಿನ ಹಾಗೆ ಎಳೆ ಎಳೆ, ಪ್ರತಿ ಎಳೆಯ ತುದಿಗೂ ಒಂದು ಗಾಳಿಗುಳ್ಳೆ. ರಾತ್ರಿ ಲೈಟು ಆರಿದ ಮೇಲೆ ಕಮ್ಮಿ ಆಗುತ್ತೆ, ಬೆಳಗ್ಗೆ ಏನೂ ಇಲ್ಲ, ಮಧ್ಯಾಹ್ನ ಮೂರಕ್ಕೆ ಮತ್ತೆ ತೂಗಾಡ್ತಿರುತ್ತೆ. ಮೂರು ದಿನ ಬೆಡ್‌ಶೀಟ್ ಹೊದಿಸಿ ಕತ್ತಲಲ್ಲಿಟ್ಟೆ. ತೆಗೆದಾಗ ಸ್ವಚ್ಛ. ನಾಲ್ಕನೇ ದಿನ ಮೊದಲಿಗಿಂತ ಜಾಸ್ತಿ. ಆರು ಬಸವನಹುಳುವಿನಲ್ಲಿ ನಾಲ್ಕು ಮಗುಚಿ ಬಿದ್ದಿವೆ. ಜಿಎಫ್‌ಓ ತೆಗೆದಿರಲಿಲ್ಲ. ತಪ್ಪಾಯ್ತು.

ಸೂಕ್ಷ್ಮದರ್ಶಕ · ಜುಲೈ 20, ಬೆಳಗ್ಗೆ 6.40

ಬೈಯುವುದಿಲ್ಲ. ನನಗೂ ಬಂದಿತ್ತು, ಅದಕ್ಕೇ ಹೇಳಿದ್ದು.

ಇದು ಡೈನೊಫ್ಲಾಜೆಲೇಟ್ ಎಂಬ ಒಂಟಿಕೋಶದ ಈಜುವ ಜೀವಿ ಅಂತ ಅನುಮಾನ, ಖಚಿತ ಮಾಡಿಕೊಳ್ಳೋಣ. ಲೋಳೆಯನ್ನು ಟ್ಯಾಂಕಿನ ನೀರಿನ ಜೊತೆ ಸಣ್ಣ ಬಾಟಲಿಗೆ ಹಾಕಿ ಎಳೆ ಎಲ್ಲ ಕರಗುವ ಹಾಗೆ ಜೋರಾಗಿ ಕುಲುಕಿ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಕೆಳಗೆ ಬಂದ ತಿಳಿ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಅವೇ. ಒಂಟಿ ಜೀವಕೋಶಗಳು ಕಾಗದ ದಾಟಿ ಬಂದು ಒಂದನ್ನೊಂದು ಹುಡುಕಿಕೊಳ್ಳುತ್ತವೆ.

ಆಮೇಲೆ ಮಕ್ಕಳ ಮೈಕ್ರೋಸ್ಕೋಪ್ ಆದರೂ ಸರಿ, 400 ಪಟ್ಟು ದೊಡ್ಡದು ಮಾಡುವುದು ಸಿಕ್ಕರೆ ಒಂದು ಹನಿ ನೋಡಿ. ಆಕಾರ ಹೇಗಿದೆ, ಮುಖ್ಯವಾಗಿ ಹೇಗೆ ಚಲಿಸುತ್ತದೆ ಅಂತ ಬರೆಯಿರಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡಿ.

ಕೆಂಗೇರಿ ಕ್ಲೌನ್ · ಜುಲೈ 21, ರಾತ್ರಿ 9.15

ಕಾಗದದ ಪರೀಕ್ಷೆ: 50 ನಿಮಿಷಕ್ಕೆ ಎಳೆ ಕಟ್ಟಿತು. ಮೈ ಜುಮ್ ಅಂತು.

ಮೈಕ್ರೋಸ್ಕೋಪ್ ಪಕ್ಕದ ಮನೆ ಹುಡುಗಂದು, ಎಂಟನೇ ಕ್ಲಾಸು. ಇಬ್ಬರೂ ಕೂತು ನೋಡಿದ್ವಿ. ಎಳ್ಳಿನ ಕಾಳಿನ ಆಕಾರ: ಒಂದು ತುದಿ ಗುಂಡಗೆ, ಇನ್ನೊಂದು ಚೂಪು. ಬಣ್ಣ ಬೆಲ್ಲದ್ದು. ಈಜಿಕೊಂಡು ದೂರ ಹೋಗಲ್ಲ. ಚೂಪು ತುದಿಯನ್ನ ಎಲ್ಲೋ ದಾರ ಕಟ್ಟಿ ಗೂಟಕ್ಕೆ ಹಾಕಿದ ಹಾಗೆ, ಅಲ್ಲೇ ಗಿರಗಿರ ಸುತ್ತುತ್ತೆ. ಹುಡುಗ "ಅಂಕಲ್, ಗೂಟಕ್ಕೆ ಕಟ್ಟಿದ ಕರು" ಅಂದ.

ಸೂಕ್ಷ್ಮದರ್ಶಕ · ಜುಲೈ 21, ರಾತ್ರಿ 9.50

ಆ ಹುಡುಗನನ್ನು ನನ್ನ ಕ್ಲಾಸಿಗೆ ಕಳಿಸಿ. ಆ ಗೂಟದ ಕರುವಿನ ಹೆಸರು ಆಸ್ಟ್ರಿಯಾಪ್ಸಿಸ್. ನಿಮಗೆ ಒಂದು ರೀತಿಯಲ್ಲಿ ಅದೃಷ್ಟ, ಇದು ರಾತ್ರಿ ಕಲ್ಲು ಬಿಟ್ಟು ನೀರಿಗೆ ಏಳುತ್ತದೆ. ಆದ್ದರಿಂದಲೇ ಬೆಳಗ್ಗೆ ಕಾಣುತ್ತಿರಲಿಲ್ಲ. ನೀರಿನಲ್ಲಿರುವಾಗ ಯುವಿ (ನೇರಳಾತೀತ) ದೀಪದಲ್ಲಿ ಹಿಡಿಯಬಹುದು. ಆಂಫಿಡಿನಿಯಮ್ ಎಂಬ ಇನ್ನೊಂದು ಡೈನೊ ಆಗಿದ್ದರೆ ಅದು ಮರಳಲ್ಲೇ ಹುದುಗಿರುತ್ತದೆ, ಯುವಿ ದಂಡ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದರ ದೊಡ್ಡ ಬೆಳೆ ಬಂದಾಗ ಸುಮಾರು 200 ಜನ ಜ್ವರ, ಕೆಮ್ಮು, ಉಸಿರಿನ ತೊಂದರೆಯಿಂದ ವೈದ್ಯರ ಬಳಿ ಹೋಗಿದ್ದರು. ನಿಮ್ಮ ಬಸವನಹುಳು ಸತ್ತದ್ದೂ ಬಹುಶಃ ಇದರ ವಿಷದಿಂದಲೇ. ಕಲ್ಲನ್ನು ಹೊರಗೆ ತೆಗೆದು ಬಿಸಿನೀರಲ್ಲಿ ಉಜ್ಜುವ ಯೋಚನೆ ಇದ್ದರೆ ಬಿಡಿ, ಆವಿಯ ಜೊತೆ ವಿಷ ಮೂಗಿಗೆ ಬರಬಹುದು. ನೀರಿನಲ್ಲೇ ಹೀರಿ ತೆಗೆಯಿರಿ. ಸ್ಕಿಮ್ಮರ್ ಹತ್ತಿರ ಹೊಸ ಆಕ್ಟಿವೇಟೆಡ್ ಕಾರ್ಬನ್ ಇಡಿ.

ಈಗ ಮುಖ್ಯವಾದದ್ದು. ನೀರಿಗೆ ಊಟ ಹಾಕಬೇಕು. ಜಿಎಫ್‌ಓ ತೆಗೆಯಿರಿ, ನೀರು ಬದಲಿಸುವುದು ನಿಲ್ಲಿಸಿ, ಮೀನಿಗೆ ಎರಡು ಹೊತ್ತು ಹಾಕಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನಡುವೆ ನಿಲ್ಲಬೇಕು. ಊಟದಿಂದ ಏರದಿದ್ದರೆ ಲ್ಯಾಬ್ ದರ್ಜೆಯ ಸೋಡಿಯಂ ನೈಟ್ರೇಟ್. ನಿಮ್ಮ 150 ಲೀಟರಿಗೆ 1 ಗ್ರಾಂ ಹಾಕಿದರೆ ಹೆಚ್ಚುಕಮ್ಮಿ 5 ಪಿಪಿಎಂ ಏರುತ್ತದೆ. ದಿನಕ್ಕೆ ಕಾಲು ಗ್ರಾಂನಂತೆ ಕರಗಿಸಿ ಹಾಕಿ.

ಕೆಂಗೇರಿ ಕ್ಲೌನ್ · ಜುಲೈ 21, ರಾತ್ರಿ 10.05

ಅಂದ್ರೆ ಮೇಡಂ, ಒಂದು ತಿಂಗಳು ನೈಟ್ರೇಟ್ ತೆಗೆಯೋಕೆ ಸಾವಿರಾರು ರೂಪಾಯಿ ಸುರಿದೆ. ಈಗ ದುಡ್ಡು ಕೊಟ್ಟು ನೈಟ್ರೇಟ್ ತಂದು ಹಾಕಬೇಕಾ?

ಸೂಕ್ಷ್ಮದರ್ಶಕ · ಜುಲೈ 21, ರಾತ್ರಿ 10.11

ಹೌದು. ಮರಳಲ್ಲಿರುವ ಜಾತಿಯಾಗಿದ್ದರೆ ಸಿಲಿಕಾ ಕೂಡ ಹಾಕಿ ಡಯಾಟಮ್ ಬೆಳೆಸಿ ಅಂತ ಹೇಳುತ್ತಿದ್ದೆ. ಡಯಾಟಮ್ ಬಂದು ಅವುಗಳ ಜಾಗ ಹಿಡಿಯಲಿ ಅಂತ.

ಫಿಲ್ಟರ್ ರಿಪೇರಿ ಹುಬ್ಬಳ್ಳಿ · ಜುಲೈ 21, ರಾತ್ರಿ 10.20

ಅಯ್ಯ ಶಿವನ! ನಾ ಇಷ್ಟು ಹೇಳಿ ಸಿಲಿಕಾ ತಗಿಸೀನಿ ಮೇಡಂ 😄 ಸರ, ರೆಸಿನ್ ಮಾತ್ರ ವಾಪಸ್ ತಗೊಳ್ಳಂಗಿಲ್ಲ, ಈಗ್ಲೇ ಹೇಳತೀನಿ.

ಬೋಳೂರು ಬಂಗುಡೆ · ಜುಲೈ 22, ಬೆಳಗ್ಗೆ 7.30

ಈ ಡೈನೊ ಬಳಗದ್ದೇ ಒಂದು ನಮ್ಮ ಕಡಲಲ್ಲಿ ರಾತ್ರಿ ನೀಲಿ ಹೊಳೆಯುವುದು, ನಾಕ್ಟಿಲ್ಯೂಕ. ತೆರೆ ಒಡೆದಲ್ಲೆಲ್ಲ ಬೆಂಕಿ ಹಚ್ಚಿದ ಹಾಗೆ. ಜನ ಕಾರು ಮಾಡಿಕೊಂಡು ನೋಡ್ಲಿಕ್ಕೆ ಬರ್ತಾರೆ. ನಿಮ್ಮ ಮನೆಯದ್ದು ಹೊಳೆದಿದ್ರೆ ಟಿಕೆಟ್ ಇಡಬಹುದಿತ್ತು.

ತಮಾಷೆ ಬಿಡಿ. ಯುವಿಯನ್ನು ಟ್ಯಾಂಕಿನಿಂದಲೇ ನೀರು ಎಳೆದು ಟ್ಯಾಂಕಿಗೇ ಬಿಡುವ ಹಾಗೆ ಕೂಡಿಸಿ. ನಿಮ್ಮ ಅಳತೆಗೆ 13 ವ್ಯಾಟಿಗಿಂತ ಕಡಿಮೆ ಬೇಡ. ರಾತ್ರಿ ಖಂಡಿತ ಓಡಲಿ. ಕರೆಂಟು ಹೋದ್ರೆ ಇನ್ವರ್ಟರಲ್ಲಿ ಬಲ್ಬಿಗಿಂತ ಮೊದಲು ವೇವ್‌ಮೇಕರ್.

ನನ್ನ ಒಬ್ಬ ದೋಸ್ತಿ ಹತ್ರ ಹಳೆ ಕಲ್ಲು ತುಂಬಿದ ಹತ್ತು ವರ್ಷದ ಟ್ಯಾಂಕು ಬೆಂಗಳೂರಲ್ಲಿ ಉಂಟು. ಅವರ ಒಂದು ಮುಷ್ಟಿ ಮರಳು ಕೊಡಿಸ್ತೇನೆ. ಹೆಪ್ಪು ಹಾಕಿದ ಹಾಗೆ. ನಿಮ್ಮ ಟ್ಯಾಂಕಲ್ಲಿ ಇಲ್ಲದ ನೂರು ಜೀವಿ ಅದರಲ್ಲಿ ಉಂಟು.

ಕೆಂಗೇರಿ ಕ್ಲೌನ್ · ಆಗಸ್ಟ್ 14, ರಾತ್ರಿ 8.45

ಲೆಕ್ಕ ಒಪ್ಪಿಸ್ತೀನಿ. ಸೆಕೆಂಡ್ ಹ್ಯಾಂಡ್ 18 ವ್ಯಾಟ್ ಯುವಿ ಸಿಕ್ತು. ನೈಟ್ರೇಟ್ ಹಾಕಿದ್ದು ಮೊದಲ ವಾರ ಎಲ್ಲಿ ಹೋಗ್ತಿತ್ತೋ, ಸಂಜೆ ಅಳೆದರೆ 0. ಎಂಟನೇ ದಿನ ಮೊದಲ ಸಲ 2 ಬಂತು. ಈಗ 8ರಲ್ಲಿ ನಿಂತಿದೆ, ಫಾಸ್ಫೇಟ್ 0.07. ಹೆಪ್ಪಿನ ಮರಳು ಹಾಕಿ ಹನ್ನೆರಡು ದಿನ ಆಯ್ತು. ಲೋಳೆ ಇಲ್ಲ. ನಿನ್ನೆ ರಾತ್ರಿ ಟಾರ್ಚ್ ಬಿಟ್ಟು ನೋಡಿದ್ರೆ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಓಡಾಡ್ತಿದ್ದವು, ಸಾಸಿವೆಯ ಕಾಲು ಭಾಗ ಇರಬಹುದು. ಕೋಪೆಪಾಡ್, ಸಿಗಡಿ ಬಳಗದ ಪುಟ್ಟ ಜೀವಿ ಅಂದ ಪಕ್ಕದ ಮನೆ ಹುಡುಗ. ಅವನು ಈಗ ದಿನಾ ಬರ್ತಾನೆ.

ಗಾಜಿನ ಮೇಲೆ ತೆಳು ಹಸಿರು ಬರ್ತಿದೆ, ಮೂರು ದಿನಕ್ಕೊಮ್ಮೆ ಒರೆಸ್ತೀನಿ. ಹಿಂದಿನ ಕಲ್ಲಲ್ಲಿ ಒಂದು ಹಿಡಿ ಹಸಿರು ಕೂದಲು ಇದೆ. ಕೈಯಲ್ಲಿ ಕಿತ್ತೆ, ಹೊಸ ಸೆರಿತ್ ನಾಲ್ಕು ಬಿಟ್ಟೆ. ಇದೂ ಡೇಂಜರ್ರಾ?

ಸೂಕ್ಷ್ಮದರ್ಶಕ · ಆಗಸ್ಟ್ 14, ರಾತ್ರಿ 9.20

ಅಲ್ಲ. ಮಾಮೂಲಿ ಹಸಿರು ಪಾಚಿ ಬಂದದ್ದು ನನಗೆ ಸಮಾಧಾನ. ಎಳೆ ಬರಿಗೂದಲಿನ ಹಾಗಿದೆಯೋ, ಜರಿಗಿಡದ ಎಲೆಯಂತೆ ಎರಡೂ ಬದಿಗೆ ಕವಲಿದೆಯೋ ಅಷ್ಟು ನೋಡಿಕೊಳ್ಳಿ. ಕವಲಿದ್ದರೆ ಬ್ರಯಾಪ್ಸಿಸ್, ಅದನ್ನು ಸೆರಿತ್ ಮುಟ್ಟುವುದಿಲ್ಲ, ಮತ್ತೆ ಮಾತಾಡೋಣ. ಹಸಿರು ಗೋಲಿಯಂಥದ್ದು ಕಂಡರೆ ಒಡೆಯಬೇಡಿ, ಬುಡದಿಂದ ಇಡಿಯಾಗಿ ಬಿಡಿಸಿ ತೆಗೆಯಿರಿ.

ಕೆಂಗೇರಿ ಕ್ಲೌನ್ · ಆಗಸ್ಟ್ 14, ರಾತ್ರಿ 9.31

ಬರಿಗೂದಲು. ಬಚಾವ್.

ರೀಫ್ ರಾಯ · ಆಗಸ್ಟ್ 15, ಬೆಳಗ್ಗೆ 10.10

ಮೇಡಂ, ನನ್ನ ಟ್ಯಾಂಕಲ್ಲಿ ಕೆಂಪು ಮೂರನೇ ಸಲ ಬಂದಿದೆ. ಮದ್ದು ಹಾಕಿಲ್ಲ. ಹರಿವು ಎಲ್ಲೆಲ್ಲಿ ಇಲ್ಲ ಅಂತ ನೋಡೋಕೆ ಊಟ ಬಿಟ್ಟು ನೋಡಿ ಅಂದಿದ್ರಲ್ಲ, ಅದು ಯಾವ ಊಟ? ಫ್ಲೇಕ್ಸೋ ಪೆಲೆಟ್ಟೋ?

ಸೂಕ್ಷ್ಮದರ್ಶಕ · ಆಗಸ್ಟ್ 15, ಬೆಳಗ್ಗೆ 10.40

ಪೆಲೆಟ್ ಮುಳುಗುತ್ತದೆ ರಾಯರೇ, ಅದೇ ಸರಿ. ನಾಲ್ಕು ಕಾಳು ಸಾಕು.

ಕೆಂಗೇರಿ ಕ್ಲೌನ್ · ಸೆಪ್ಟೆಂಬರ್ 21, ಸಂಜೆ 6.30

ಎಲ್ಲಾ ಸರಿ ಇತ್ತು. ಇವತ್ತು ಹಬ್ಬಕ್ಕೆ ಮನೆ ಕ್ಲೀನ್ ಮಾಡ್ತಾ ಟ್ಯಾಂಕಿಗೂ ಕೈ ಹಾಕಿದೆ. ವೇವ್‌ಮೇಕರ್ ಮೇಲೆ, ಹಿಂದಿನ ಗಾಜಿನ ಕೆಳಮೂಲೆಯಲ್ಲಿ ಗುಲಾಬಿ-ನೇರಳೆ ಕಲೆ, ರಾಗಿಕಾಳಿನಷ್ಟು ದುಂಡಗೆ ಹತ್ತಿಪ್ಪತ್ತು. ಸ್ಪಂಜಿಗೆ ಬಗ್ಗಲ್ಲ, ಉಗುರಿಂದ ಕೆರೆದರೆ ಸುಣ್ಣದ ಹಾಗೆ ಗಟ್ಟಿ. ಮತ್ತೆ ಇದ್ಯಾವ ಹೊಸ ಪಾಚಿ? ಬ್ಲೇಡ್ ತಗೊಂಡು ಕೂತಿದೀನಿ.

ಬೋಳೂರು ಬಂಗುಡೆ · ಸೆಪ್ಟೆಂಬರ್ 21, ಸಂಜೆ 6.34

ಬ್ಲೇಡ್ ಕೆಳಗಿಡಿ ಮಾರಾಯ್ರೆ! ಅದು ಕೋರಲೈನ್, ಸುಣ್ಣ ಕಟ್ಟುವ ಒಳ್ಳೆ ಪಾಚಿ, ಟ್ಯಾಂಕು ಪಕ್ವ ಆದ ಗುರುತು. ಅದಕ್ಕೇ ಅಲ್ವಾ ನಾವೆಲ್ಲ ಕಾದು ಕೂತದ್ದು.

ಸೂಕ್ಷ್ಮದರ್ಶಕ · ಸೆಪ್ಟೆಂಬರ್ 21, ಸಂಜೆ 6.41

ಉಜ್ಜಬೇಡಿ. ಮನೆಯವರಿಗೆ ತೋರಿಸಿ.

ಕೆಂಗೇರಿ ಕ್ಲೌನ್ · ಸೆಪ್ಟೆಂಬರ್ 21, ಸಂಜೆ 7.15

ತೋರಿಸಿದೆ. "ಇಷ್ಟು ಚಿಕ್ಕದಾ?" ಅಂದಳು. ಆದ್ರೆ ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ನೋಡಿದಳು.